ಬಂದೂಕಿನ ದುರ್ಬೀನಿನೊಳಗೆ ದೀಪ ಬೇಕೆ?

ಅಕ್ಕಲಕೋಟೆ ಸಂಸ್ಥಾನದ ಶಸ್ತ್ರ ಸಂಗ್ರಹ ನಮ್ಮ ಕಡೆ ಹೆಸರಾದದ್ದು. ಅಂಥಲ್ಲಿಗೆ ಶಾಲೆಯ ಮಕ್ಕಳನ್ನು ಕರೆದೊಯ್ದರೆ ಅವರ ಕಣ್ಣು ಕತ್ತಿ, ಗುರಾಣಿ, ಭರ್ಚಿಗಳ ಮೇಲೆಯೇ ನಿಲ್ಲುತ್ತದೆ. ಹಳೆಯ ಬಂದೂಕಿನ ಮುಂದೆ ನಿಂತು "ಇದರಿಂದ ಗುರಿ ಹಿಡಿಯುತ್ತಿದ್ದುದು ಹೇಗೆ?" ಎಂದು ಕೇಳುವವರು ಕಡಿಮೆ. ಹಾಗೆ ಕೇಳಿದರೆ ಉತ್ತರ ಬಹಳ ದೂರ ಹೋಗುತ್ತದೆ. ಜೇಡನ ನೂಲು, ಖಗೋಲಶಾಸ್ತ್ರ, ಭೂಮಾಪನ, ರೇಡಿಯಂ ಎಲ್ಲವನ್ನೂ ಸುತ್ತಿಕೊಂಡು ಕೊನೆಗೆ ಇಂದಿನ ಸೈನ್ಯಗಳು ಚರ್ಚಿಸುವ ಒಂದು ಸಣ್ಣ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಆ ಪ್ರಶ್ನೆ ಇದು. ಸೈನಿಕನ ರೈಫಲ್ ಮೇಲೆ ಕೂರಿಸುವ ದುರ್ಬೀನಿನೊಳಗೆ ಗುರಿ ಹಿಡಿಯಲು ಗೆರೆಗಳ ಒಂದು ಗುರುತು ಇರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ರೆಟಿಕಲ್ ಎನ್ನುತ್ತಾರೆ. ನಾವು ಇಲ್ಲಿ ಗುರಿಗೆರೆ ಎನ್ನೋಣ. ಕೆಲವು ದುರ್ಬೀನುಗಳಲ್ಲಿ ಅದು ಬರಿಯ ಕಪ್ಪು ಗೆರೆ. ಇನ್ನು ಕೆಲವುಗಳಲ್ಲಿ ಕೆಂಪಾಗಿಯೋ ಹಸಿರಾಗಿಯೋ ಬೆಳಗುತ್ತದೆ. ಈ ಬೆಳಕು ಸೈನಿಕನಿಗೆ ನಿಜವಾಗಿ ಬೇಕೇ? ಅಥವಾ ಬೆಲೆ ಏರಿಸಲು ಸೇರಿಸಿದ ಅಲಂಕಾರವೇ? ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಗಡಿಯ ಎರಡೂ ಬದಿಯ ಹಳ್ಳಿಗಳಿಂದ ಹುಡುಗರು ಸೇನೆಗೆ ಹೋಗುತ್ತಾರೆ. ಆ ಗೆರೆ ಬೇಕಾದ ಹೊತ್ತಿಗೆ ಕಾಣುತ್ತದೋ ಇಲ್ಲವೋ ಎಂಬುದು ಅವರ ಪಾಲಿಗೆ ಜೀವದ ಮಾತು. ಆದ್ದರಿಂದ ಸ್ವಲ್ಪ ಇತಿಹಾಸ ನೋಡಿಯೇ ಉತ್ತರ ಹೇಳಬೇಕು.

ಜೇಡನ ನೂಲು ಮತ್ತು ಲಾಟೀನು

ಹಳೆಯ ನುಣುಪು ನಳಿಗೆಯ ಬಂದೂಕಿಗೆ ನೂರು ಗಜದ ಆಚೆ ಗುರಿ ಎಂಬುದು ಬಹುಮಟ್ಟಿಗೆ ಅದೃಷ್ಟವೇ ಆಗಿತ್ತು. ನಳಿಗೆಯ ತುದಿಯಲ್ಲಿ ಒಂದು ಮೊಳೆ ಇದ್ದರೆ ಸಾಕಾಗುತ್ತಿತ್ತು. ನಳಿಗೆಯೊಳಗೆ ಸುರುಳಿ ಗೀರು ಕೊರೆದ ರೈಫಲ್ ಬಂದಮೇಲೆ ಗುಂಡು ದೂರಕ್ಕೆ ನೇರವಾಗಿ ಹೋಗತೊಡಗಿತು. ಆಗ ಕಣ್ಣೇ ಹಿಂದೆ ಬಿತ್ತು. ಗುಂಡು ಮುಟ್ಟುವಷ್ಟು ದೂರ ಕಣ್ಣು ಮುಟ್ಟಲಿಲ್ಲ. ದುರ್ಬೀನು ಬಂದೂಕಿನ ಮೇಲೆ ಏರಿದ್ದು ಈ ಕಾರಣಕ್ಕೆ.

ಆದರೆ ಗುರಿಗೆರೆ ಹುಟ್ಟಿದ್ದು ಬಂದೂಕಿಗಾಗಿ ಅಲ್ಲ, ನಕ್ಷತ್ರಗಳಿಗಾಗಿ. 1611ರಲ್ಲಿ ಕೆಪ್ಲರ್ ಎರಡು ಪೀನ ಮಸೂರಗಳ ದೂರದರ್ಶಕವನ್ನು ವಿವರಿಸಿದ. ಈ ಬಗೆಯಲ್ಲಿ ದೂರದ ವಸ್ತುವಿನ ಪ್ರತಿಬಿಂಬ ಕೊಳವೆಯ ಒಳಗೇ ಒಂದು ಜಾಗದಲ್ಲಿ ಮೂಡುತ್ತದೆ. ಸರಿಯಾಗಿ ಅದೇ ಜಾಗದಲ್ಲಿ ಒಂದು ಕೂದಲನ್ನು ಇಟ್ಟರೆ ಕೂದಲೂ ಪ್ರತಿಬಿಂಬವೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತವೆ. ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕೊಯ್ನ್ ಎಂಬ ತರುಣನಿಗೆ 1640ರ ಸುಮಾರಿಗೆ ಇದು ಹೊಳೆಯಿತು. ಅವನ ದೂರದರ್ಶಕದೊಳಗೆ ಜೇಡನ ನೂಲು ಸೇರಿಕೊಂಡಿದ್ದರಿಂದಲೇ ಹೊಳೆಯಿತು ಎಂಬ ಮಾತೂ ಉಂಟು.

ಅವನಿಗೆ ಕೂಡಲೇ ಒಂದು ತೊಡಕು ಎದುರಾಯಿತು. ರಾತ್ರಿ ನಕ್ಷತ್ರ ಕಾಣುತ್ತದೆ, ಕೂದಲು ಕಾಣುವುದಿಲ್ಲ. ಕಪ್ಪು ಆಕಾಶದ ಮೇಲೆ ಕಪ್ಪು ಗೆರೆ ಹೇಗೆ ಕಂಡೀತು? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕರಿಹಲಗೆಯ ಮೇಲೆ ಇದ್ದಲಿಯಿಂದ ಬರೆದಂತೆ. ಗ್ಯಾಸ್ಕೊಯ್ನ್ ಲಾಟೀನಿನಲ್ಲಿ ಮೋಂಬತ್ತಿ ಇಟ್ಟು, ಅದರ ಮಂದ ಬೆಳಕು ಕೊಳವೆಯೊಳಗೆ ಬೀಳುವಂತೆ ಮಾಡಿಕೊಂಡ. ಕೂದಲು ಕಾಣಿಸಿತು. ಅಂದರೆ ಬೆಳಗಿದ ಗುರಿಗೆರೆ ಇಂದಿನ ಕಂಪನಿಗಳ ಕಲ್ಪನೆ ಅಲ್ಲ. ಅದು ಗುರಿಗೆರೆಯಷ್ಟೇ ಹಳೆಯದು. ಗ್ಯಾಸ್ಕೊಯ್ನ್ 1644ರಲ್ಲಿ ಮಾರ್ಸ್ಟನ್ ಮೂರ್ ಕದನದಲ್ಲಿ ಮಡಿದ. ಅವನ ಉಪಾಯ ಮಾತ್ರ ಖಗೋಲಜ್ಞರ ಕೈಯಲ್ಲಿ ಉಳಿಯಿತು.

ನಮ್ಮ ಸೀಮೆಯ ಭೂಮಾಪನ

ನಮ್ಮ ನಾಡಿನಲ್ಲಿ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬಳಕೆಯಾದದ್ದು ಭೂಮಾಪನದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಮೈಸೂರು ಸೀಮೆಯನ್ನು ತ್ರಿಕೋನಗಳಿಂದ ಅಳೆಯುವ ಯೋಜನೆ ಹಾಕಿದ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. 1802ರಲ್ಲಿ ಮದರಾಸಿನ ಬಳಿ ದೊಡ್ಡ ಕೆಲಸ ಶುರುವಾಯಿತು. ಅವನ ದೊಡ್ಡ ಥಿಯೋಡೊಲೈಟ್ ಅರ್ಧ ಟನ್ ತೂಗುತ್ತಿತ್ತು. ಅಳತೆಯ ಸರಣಿ ಉತ್ತರಕ್ಕೆ ಬೆಳೆಯುತ್ತಾ 1815ರಲ್ಲಿ ನಮ್ಮ ಮಗ್ಗುಲಿನ ಬೀದರ ಸೀಮೆಯಲ್ಲಿ ಇನ್ನೊಂದು ಆಧಾರರೇಖೆಯಾಯಿತು. ಲ್ಯಾಂಬ್ಟನ್ ತೀರಿಕೊಂಡದ್ದು 1823ರಲ್ಲಿ, ಇಂದಿನ ಮಹಾರಾಷ್ಟ್ರದ ಹಿಂಗಣಘಾಟದಲ್ಲಿ.

ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ದೂರದ ಗುಡ್ಡಗಳ ಮೇಲೆ ದೀಪ ಹಚ್ಚಿಸಿ ರಾತ್ರಿಯಲ್ಲಿ ಅಳತೆ ಮಾಡಿಸಿದ. ಹಗಲಿನ ಬಿಸಿಲಿಗೆ ಗಾಳಿ ಕುದಿದು ದೂರದ ಗುರುತು ನಡುಗುತ್ತದೆ. ಎರೆಹೊಲದ ಮೇಲೆ ಬೇಸಿಗೆಯ ಮಧ್ಯಾಹ್ನ ನೋಡಿದವರಿಗೆ ಇದು ಗೊತ್ತು. ರಾತ್ರಿ ಅಳೆಯುವಾಗ ಮತ್ತೆ ಅದೇ ಹಳೆಯ ತೊಡಕು, ಅದೇ ಪರಿಹಾರ. ಆ ಕಾಲದ ದೊಡ್ಡ ಉಪಕರಣಗಳ ಟೊಳ್ಳು ಅಚ್ಚಿನ ಮೂಲಕ ಲಾಟೀನಿನ ಬೆಳಕನ್ನು ಒಳಗೆ ಬಿಟ್ಟು ಗೆರೆಗಳನ್ನು ಕಾಣಿಸಿಕೊಳ್ಳುತ್ತಿದ್ದರು. ಬೆಳಕು ಕಡಿಮೆಯಾದರೆ ಗೆರೆ ಕಾಣದು, ಹೆಚ್ಚಾದರೆ ದೂರದ ದೀಪ ಮುಳುಗಿಹೋಗುತ್ತದೆ. ಈ ಎರಡು ಮಾತುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಬಂದೂಕಿನ ವಿಷಯದಲ್ಲಿ ಮುಂದೆ ನಡೆದ ವಾದವೆಲ್ಲ ಇದರೊಳಗೇ ಇದೆ.

ಬಂದೂಕಿನ ಮೇಲೆ ಏರಿದ ದುರ್ಬೀನು

ನಮ್ಮ ಜಿಲ್ಲೆ ಸೇರಿದ್ದ ಬಾಂಬೆ ಪ್ರಾಂತ್ಯದ ಸೈನ್ಯಕ್ಕೂ ಈ ಕಥೆಯಲ್ಲಿ ಪಾತ್ರವಿದೆ. ಆ ಸೈನ್ಯದ ಡೇವಿಡ್ಸನ್ ಎಂಬ ಅಧಿಕಾರಿ 19ನೆಯ ಶತಮಾನದ ನಡುವಿನಲ್ಲಿ ರೂಪಿಸಿದ ದುರ್ಬೀನು ಇಂಗ್ಲೆಂಡಿನ ವಿಟ್ವರ್ತ್ ರೈಫಲ್ ಜೊತೆ ಸೇರಿ, 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಬಳಕೆಯಾಯಿತು. ಒಳಗಿದ್ದದ್ದು ಬರಿಯ ಗೆರೆ, ದೀಪವಿಲ್ಲ.

ಎರಡೂ ಮಹಾಯುದ್ಧಗಳಲ್ಲಿಯೂ ಹೆಚ್ಚಿನ ಕತೆ ಹೀಗೆಯೇ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಗುರಿಕಾರರು ಬಳಸಿದ 3.5 ಪಟ್ಟಿನ ಪಿ.ಯು. ದುರ್ಬೀನಿನಲ್ಲಾಗಲೀ ಬ್ರಿಟಿಷರ ಲೀ-ಎನ್‌ಫೀಲ್ಡ್ ನಂ. 4 (ಟಿ) ರೈಫಲ್ ಮೇಲಿದ್ದ ನಂ. 32 ದುರ್ಬೀನಿನಲ್ಲಾಗಲೀ ದೀಪ ಇರಲಿಲ್ಲ. ಅವುಗಳಿಂದಲೇ ಯುದ್ಧ ನಡೆಯಿತು. ದೀಪ ಬೇಡ ಎನ್ನುವವರ ಮೊದಲ ವಾದ ಇದೇ: ಆಗ ಇಲ್ಲದ್ದು ಈಗ ಯಾಕೆ?

ಆದರೆ ಆಗಲೂ ಕೊರತೆ ಇತ್ತು ಎಂಬುದಕ್ಕೆ ಒಂದು ಸಾಕ್ಷಿ ಇದೆ. ಮೊದಲನೆಯ ಮಹಾಯುದ್ಧದ ಹೊತ್ತಿಗೇ ರಾತ್ರಿ ಕಾವಲಿಗಾಗಿ ಬಂದೂಕಿನ ತೆರೆದ ಗುರಿಸಾಧನಗಳಿಗೆ ರೇಡಿಯಂ ಬೆರೆಸಿದ ಹೊಳೆಯುವ ಬಣ್ಣ ಬಳಿದರು. ಅದೇ ಬಣ್ಣವನ್ನು ಗಡಿಯಾರದ ಮುಖಕ್ಕೆ ಬಳಿಯುತ್ತಿದ್ದ ಅಮೆರಿಕದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಹಲವರ ದವಡೆಯ ಮೂಳೆ ಕೊಳೆತು ಪ್ರಾಣ ಹೋಯಿತು. ನ್ಯಾಯಾಲಯಕ್ಕೆ ಹೋದ ಕೆಲವರಿಗೆ 1928ರಲ್ಲಿ ಪರಿಹಾರ ಸಿಕ್ಕಿತು. ಕತ್ತಲಲ್ಲಿ ಒಂದು ಚುಕ್ಕೆ ಕಾಣಲಿ ಎಂಬ ಆಸೆಗೆ ಯಾರೋ ಕೊಟ್ಟ ಬೆಲೆ ಇದು. ಪಾಠ ಹೇಳುವಾಗ ನಾವು ಇದನ್ನು ಬಿಡಬಾರದು.

ದ್ರಗುನೋವ್ ಮತ್ತು ಟ್ರೈಲಕ್ಸ್

ಸೈನ್ಯದ ರೈಫಲ್ ದುರ್ಬೀನಿಗೆ ದೀಪ ದೊಡ್ಡ ಪ್ರಮಾಣದಲ್ಲಿ ಬಂದ ಉದಾಹರಣೆ ನಮಗೆ ಪರಿಚಯದ್ದೇ. ಸೋವಿಯತ್ ಒಕ್ಕೂಟ 1963ರಲ್ಲಿ ಸ್ವೀಕರಿಸಿದ ದ್ರಗುನೋವ್ ರೈಫಲ್ ಮುಂದೆ ಭಾರತೀಯ ಸೇನೆಯ ಗುರಿಕಾರರ ಕೈಯಲ್ಲೂ ದಶಕಗಳ ಕಾಲ ಇದ್ದದ್ದು. ಅದರ ಮೇಲಿನ ಪಿ.ಎಸ್.ಓ.-1 ದುರ್ಬೀನು ನಾಲ್ಕು ಪಟ್ಟು ಹಿಗ್ಗಿಸುತ್ತದೆ; ಮುಂದಿನ ಮಸೂರದ ವ್ಯಾಸ 24 ಮಿ.ಮೀ. ಒಳಗೆ ಬಾಣದ ತುದಿಯಂಥ ಗುರುತುಗಳು. ಪಕ್ಕದಲ್ಲಿ 1.7 ಮೀಟರ್ ಎತ್ತರದ ಮನುಷ್ಯನನ್ನು ಹೊಂದಿಸಿ ದೂರ ಕಂಡುಕೊಳ್ಳುವ ಒಂದು ಬಾಗು ಗೆರೆ. ಇವನ್ನು ಬೆಳಗಿಸಲು ಸೆಲ್ಲಿನಿಂದ ಉರಿಯುವ ಪುಟ್ಟ ಬಲ್ಬು.

ಸೋವಿಯತ್ ಇಂಜಿನಿಯರುಗಳಿಗೆ ತಮ್ಮ ದೇಶದ ಚಳಿ ಗೊತ್ತಿತ್ತು. ಚಳಿಯಲ್ಲಿ ಸೆಲ್ಲು ಸೊರಗುತ್ತದೆ. ಅದಕ್ಕೆ ಸೆಲ್ಲಿನ ಡಬ್ಬಿಯನ್ನು ತಂತಿಯಿಂದ ಜೋಡಿಸಿ, ಸೈನಿಕ ತನ್ನ ಬಟ್ಟೆಯೊಳಗೆ ಮೈಗೆ ಹತ್ತಿ ಬೆಚ್ಚಗೆ ಇಟ್ಟುಕೊಳ್ಳುವ ವ್ಯವಸ್ಥೆ ಕೊಟ್ಟರು. ದೀಪ ಬರಿಯ ಅಲಂಕಾರವಾಗಿದ್ದರೆ ಇಷ್ಟು ತೊಂದರೆ ಯಾರು ತೆಗೆದುಕೊಳ್ಳುತ್ತಿದ್ದರು? ಜೊತೆಗೆ ಇನ್ನೊಂದು ಮಾತು ಗಮನಿಸಬೇಕು. ಬಲ್ಬು ಆರಿದರೂ ಗಾಜಿನ ಮೇಲೆ ಕೊರೆದ ಕಪ್ಪು ಗುರುತು ಹಾಗೆಯೇ ಇರುತ್ತದೆ. ಹಗಲಿಗೆ ಅದೇ ಸಾಕು.

ಬ್ರಿಟಿಷರು ಬೇರೆ ದಾರಿ ಹಿಡಿದರು. 1970ರ ದಶಕದಲ್ಲಿ ಅವರ ಪದಾತಿ ಸೈನಿಕರಿಗೆ ಸಿಕ್ಕ ಟ್ರೈಲಕ್ಸ್ ದುರ್ಬೀನಿನಲ್ಲಿ ಗುರಿಯ ಮೊನೆಯನ್ನು ಬೆಳಗಿಸಲು ಟ್ರಿಟಿಯಂ ಇತ್ತು. ಟ್ರಿಟಿಯಂ ಎಂದರೆ ಜಲಜನಕದ ವಿಕಿರಣಶೀಲ ಸಮಸ್ಥಾನಿ. ಅದನ್ನು ಪುಟ್ಟ ಗಾಜಿನ ನಳಿಕೆಯಲ್ಲಿ ಮುಚ್ಚಿಟ್ಟರೆ ಒಳಗೋಡೆಗೆ ಬಳಿದ ಪುಡಿ ತಾನಾಗಿ ಹೊಳೆಯುತ್ತದೆ. ಸೆಲ್ಲು ಬೇಡ, ಗುಂಡಿ ಬೇಡ, ಚಳಿಯ ಚಿಂತೆ ಇಲ್ಲ. ಆದರೆ ಅದರ ಅರ್ಧಾಯು ಸುಮಾರು 12.3 ವರ್ಷ. ಒಂದನೆಯ ತರಗತಿಗೆ ಸೇರಿದ ಮಗು ಹನ್ನೆರಡನೆಯದು ಮುಗಿಸುವ ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ. 1987ರಲ್ಲಿ ಬಂದ ಅಮೆರಿಕದ ಎಕಾಗ್ ದುರ್ಬೀನೂ ಟ್ರಿಟಿಯಂ ಬಳಸಿತು. ನಂತರದ ಮಾದರಿಗಳಲ್ಲಿ ಹಗಲ ಬೆಳಕನ್ನೇ ಹೀರಿ ಗುರಿಗೆರೆಗೆ ಸಾಗಿಸುವ ಬೆಳಕಿನ ಎಳೆಯೂ ಸೇರಿತು. ಸುಡುಬಿಸಿಲಿನಲ್ಲಿ ಆ ಎಳೆ ಗೆರೆಯನ್ನು ಅತಿಯಾಗಿ ಬೆಳಗಿಸುತ್ತಿದ್ದರಿಂದ ಸೈನಿಕರು ಅದರ ಮೇಲೆ ಟೇಪು ಅಂಟಿಸಿಕೊಂಡರು. ಎವರೆಸ್ಟನ ಕಾಲದ ಲಾಟೀನಿನ ಪಾಠವನ್ನೇ ಮತ್ತೆ ಕಲಿತಂತಾಯಿತು.

ಕಣ್ಣು ಏನು ಹೇಳುತ್ತದೆ?

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಗುರಿಗೆರೆ ಬೆಳಗಿದರೆ ಕತ್ತಲಲ್ಲಿ ಗುರಿ ಕಾಣುವುದಿಲ್ಲ. ಬೆಳಗುವುದು ಗೆರೆ ಮಾತ್ರ, ಎದುರಿನ ಗುರಿಯಲ್ಲ. ಅಮಾವಾಸ್ಯೆಯ ರಾತ್ರಿ ಕೆಂಪು ಗೆರೆ ಚೆನ್ನಾಗಿ ಕಂಡೀತು, ಅದನ್ನು ಇಡುವುದು ಯಾವುದರ ಮೇಲೆ? ಪಟಪಟ ಬಿಸಿಲಿನಲ್ಲಿ ತೆಳು ಹಿನ್ನೆಲೆಯ ಮೇಲೆ ಕಪ್ಪು ಗೆರೆಯೇ ಸ್ಪಷ್ಟ, ಅಲ್ಲಿ ದೀಪ ಬೇಕಿಲ್ಲ.

ದೀಪದ ಕೆಲಸ ಇರುವುದು ಇವೆರಡರ ನಡುವೆ. ಸೂರ್ಯ ಮುಳುಗಿ ದೀಪ ಹಚ್ಚುವ ಹೊತ್ತು, ಬೆಳಗಿನ ನಸುಕು, ಬೆಳದಿಂಗಳು, ದಟ್ಟ ಮರದ ನೆರಳು, ಬಿಸಿಲಿನಲ್ಲಿ ನಿಂತು ನೋಡುವ ಕತ್ತಲ ಬಾಗಿಲು. ಈ ಹೊತ್ತಿನಲ್ಲಿ ದುರ್ಬೀನಿನೊಳಗೆ ಆಕೃತಿ ಮಸುಕಾಗಿ ಕಾಣುತ್ತದೆ, ಆದರೆ ಕಪ್ಪು ಗೆರೆ ಅದರೊಳಗೆ ಕರಗಿಹೋಗುತ್ತದೆ. ಒಳ್ಳೆಯ ದುರ್ಬೀನು ಬರಿಗಣ್ಣಿಗಿಂತ ಹೆಚ್ಚು ಹೊತ್ತು ಗುರಿ ತೋರಿಸುತ್ತದೆ. ಗೆರೆ ಕಾಣದಿದ್ದರೆ ಆ ಹೆಚ್ಚಿನ ಹೊತ್ತು ವ್ಯರ್ಥ. ಕಾವಲು ಬದಲಾಗುವುದು, ಹೊಂಚು ಹಾಕುವುದು, ದಾಳಿ ಶುರುವಾಗುವುದು ಬಹಳ ಸಲ ಇದೇ ಸಂಧಿಕಾಲದಲ್ಲಿ.

ಲೆಕ್ಕವೂ ಸುಲಭ. ಮುಂದಿನ ಮಸೂರದ ವ್ಯಾಸವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲ ಸಿಗುತ್ತದೆ. ಪಿ.ಎಸ್.ಓ.-1ರಲ್ಲಿ 24 ಭಾಗಿಸು 4, ಅಂದರೆ 6 ಮಿ.ಮೀ. ಕತ್ತಲಲ್ಲಿ ಎಳೆಯರ ಕಣ್ಣಪಾಪೆ ಸುಮಾರು 7 ಮಿ.ಮೀ. ತನಕ ಅರಳುತ್ತದೆ. ಆದ್ದರಿಂದ 6 ಒಳ್ಳೆಯ ಅಂಕಿ. ಅದೇ 40 ಮಿ.ಮೀ. ಮಸೂರದ, ಹತ್ತು ಪಟ್ಟಿನ ದುರ್ಬೀನಿನಲ್ಲಿ 4 ಮಿ.ಮೀ. ಮಾತ್ರ. ಅದು ಮುಸ್ಸಂಜೆಯಲ್ಲಿ ಬೇಗ ಮಂಕಾಗುತ್ತದೆ. ಮಂಕು ಗಾಜಿಗೆ ಎಷ್ಟು ದೀಪ ಹಾಕಿದರೂ ಗುರಿ ಕಾಣದು. ಅದಕ್ಕೇ ನಾವು ಹೇಳುವುದು: ಮೊದಲು ಒಳ್ಳೆಯ ಗಾಜು, ಆಮೇಲೆ ದೀಪ.

ಇನ್ನು ಬಣ್ಣದ ವಿಚಾರ. ನಮ್ಮ ಅಕ್ಷಿಪಟಲದ ದಂಡಕೋಶಗಳು ಮಂದ ಬೆಳಕಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಥಟ್ಟನೆ ಬಿಳಿ ಬೆಳಕು ಬಿದ್ದರೆ ಅಷ್ಟೂ ಹೊತ್ತಿನ ಗಳಿಕೆ ಹೋಗುತ್ತದೆ. ಕರೆಂಟು ಬಂದು ಮತ್ತೆ ಹೋದಾಗ ಮನೆಯೊಳಗೆ ತಡಕಾಡುವುದು ಇದರಿಂದಲೇ. ಕಡುಗೆಂಪು ಬೆಳಕಿಗೆ ಈ ಕೋಶಗಳು ಬಹಳ ಕಡಿಮೆ ಸ್ಪಂದಿಸುತ್ತವೆ. ಗುರಿಗೆರೆ ಹೆಚ್ಚಾಗಿ ಕೆಂಪಾಗಿರುವುದಕ್ಕೆ ಇದೊಂದು ಕಾರಣ. ಕೆಂಪಾದರೂ ಅತಿಯಾದರೆ ಗುರಿಯನ್ನು ಮಂಕಾಗಿಸುತ್ತದೆ.

ಕತ್ತಲ ಯುದ್ಧ

1999ರ ಕಾರ್ಗಿಲ್ ಯುದ್ಧವನ್ನು ನೆನೆಯೋಣ. ತೋಲೋಲಿಂಗ್, ಟೈಗರ್ ಹಿಲ್ ಮುಂತಾದ ಶಿಖರಗಳನ್ನು ನಮ್ಮ ಸೈನಿಕರು ಏರಿದ್ದು ರಾತ್ರಿಯಲ್ಲಿ. ಹಗಲು ಏರಿದರೆ ಬೋಳು ಇಳಿಜಾರಿನಲ್ಲಿ ಮರೆ ಎಂಬುದೇ ಇರಲಿಲ್ಲ. ರಾತ್ರಿ ನೋಡುವ ಸಾಧನಗಳ ಕೊರತೆ ಆಗ ದೇಶದಲ್ಲಿ ಚರ್ಚೆಯಾಯಿತು. ಅಂಥ ಕತ್ತಲಿಗೆ ಬೆಳಗಿದ ಗುರಿಗೆರೆಯೊಂದೇ ಸಾಲದು. ಅಲ್ಲಿ ಬೇಕಾದದ್ದು ಮಂದ ಬೆಳಕನ್ನು ಹೆಚ್ಚಿಸಿ ತೋರುವ ಅಥವಾ ಶಾಖವನ್ನು ಚಿತ್ರವಾಗಿಸುವ ಸಾಧನ.

ಈ ಕೆಲಸದಲ್ಲಿ ನಮ್ಮ ಎರಡೂ ರಾಜ್ಯಗಳ ಪಾಲಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ (ಬಿ.ಇ.ಎಲ್.) ಸೇನೆಗೆ ರಾತ್ರಿದರ್ಶಕಗಳನ್ನು ಮಾಡಿಕೊಡುತ್ತಾ ಬಂದಿದೆ. ಮಂದ ಬೆಳಕನ್ನು ಹೆಚ್ಚಿಸುವ ಕೊಳವೆಗಳಿಗಾಗಿ 1990ರಲ್ಲಿ ಪುಣೆಯಲ್ಲಿ ಒಂದು ಸಹಸಂಸ್ಥೆ ಹುಟ್ಟಿತು. ಶಾಖಚಿತ್ರದ ಬಂದೂಕು ದುರ್ಬೀನುಗಳನ್ನು ಬೆಂಗಳೂರಿನ ಟೋನ್‌ಬೋ ಇಮೇಜಿಂಗ್ ತಯಾರಿಸುತ್ತದೆ. ಶಾಖಚಿತ್ರದ ದುರ್ಬೀನಿನಲ್ಲಿ ಚಿತ್ರವೇ ಒಂದು ಪುಟ್ಟ ಪರದೆಯ ಮೇಲೆ ಮೂಡುತ್ತದೆ, ಗುರಿಗೆರೆಯನ್ನೂ ಅದರ ಮೇಲೆ ವಿದ್ಯುತ್ತಿನಿಂದಲೇ ಬರೆಯುತ್ತಾರೆ. ಅಲ್ಲಿ ದೀಪ ಬೇಕೆ ಬೇಡವೇ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಆದರೆ ಪ್ರತಿ ಸೈನಿಕನ ಪ್ರತಿ ರೈಫಲಿಗೂ ಅಂಥದ್ದನ್ನು ಕೊಡುವುದು ಯಾವ ದೇಶಕ್ಕೂ ಸುಲಭವಲ್ಲ. ಹಗಲಿನ ದುರ್ಬೀನು ಹೊತ್ತವನೇ ಮುಸ್ಸಂಜೆಯನ್ನೂ ಎದುರಿಸಬೇಕು.

ಬೇಡ ಎನ್ನುವವರ ಮಾತು

ವಿರೋಧಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಸೆಲ್ಲು ಮುಗಿಯುತ್ತದೆ, ಹೆಚ್ಚಿನ ಭಾಗಗಳು ಹೆಚ್ಚಿನ ರಿಪೇರಿ ತರುತ್ತವೆ, ಬೆಲೆ ಏರುತ್ತದೆ. ಬೆಳಕು ಮುಂದಿನ ಮಸೂರದಿಂದ ಹೊರಗೆ ಸೋರಿದರೆ ರಾತ್ರಿದರ್ಶಕ ಹಿಡಿದ ಶತ್ರುವಿಗೆ ಕಾಣಬಹುದು. ಎಲ್ಲಕ್ಕಿಂತ ಮುಖ್ಯ, ದೀಪಕ್ಕೆ ಒಗ್ಗಿದವನು ದೀಪ ಆರಿದಾಗ ತಬ್ಬಿಬ್ಬಾಗುತ್ತಾನೆ.

1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ತಂದ ಕೆಂಪು ಚುಕ್ಕೆಯ ಗುರಿಸಾಧನದಲ್ಲಿ ಈ ಅಪಾಯ ಸ್ಪಷ್ಟ. ಅದು ಬಹಳ ಉಪಯುಕ್ತ. ಹತ್ತಿರದ ಕಾದಾಟಕ್ಕೆ ಅನೇಕ ಸೈನ್ಯಗಳು ಅಂಥವನ್ನು ಒಪ್ಪಿವೆ. ಆದರೆ ಅದರಲ್ಲಿ ಗಾಜಿನ ಮೇಲೆ ಕೊರೆದ ಗೆರೆ ಇಲ್ಲ. ಸೆಲ್ಲು ಹೋದರೆ ಚುಕ್ಕೆಯೂ ಹೋಯಿತು. ಆಗ ಕಬ್ಬಿಣದ ಹಳೆಯ ಗುರಿಸಾಧನವೇ ಗತಿ. ಬೆಳಗಿದ ಗುರಿಗೆರೆಯ ದುರ್ಬೀನು ಇದಕ್ಕಿಂತ ಭಿನ್ನ. ದೀಪ ಹೋದರೂ ಕಪ್ಪು ಗೆರೆ ಇರುತ್ತದೆ. 2022ರಲ್ಲಿ ಅಮೆರಿಕದ ಸೈನ್ಯ ಆರಿಸಿದ ಎಕ್ಸ್.ಎಂ.157 ಎಂಬ ಗಣಕಯುಕ್ತ ದುರ್ಬೀನಿನಲ್ಲಿ ದೂರ ಅಳೆಯುವ ಲೇಸರ್ ಇದೆ, ಲೆಕ್ಕ ಹಾಕಿ ಗುರಿಬಿಂದು ತೋರಿಸುವ ಪರದೆ ಇದೆ. ಅಷ್ಟಿದ್ದೂ ಗಾಜಿನ ಮೇಲೆ ಕೊರೆದ ಗೆರೆಯನ್ನು ಅವರು ಬಿಡಲಿಲ್ಲ.

ನಮ್ಮ ಉತ್ತರ

ಸೈನ್ಯದ ದುರ್ಬೀನಿಗೆ ಬೆಳಗುವ ಗುರಿಗೆರೆ ಬೇಕು ಎಂಬುದೇ ನಮ್ಮ ಅಭಿಪ್ರಾಯ. ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಅದು ಉಪಯೋಗಕ್ಕೆ ಬರುವ ಹೊತ್ತು ಕಡಿಮೆ. ಆದರೆ ಸೈನಿಕ ತನ್ನ ಶತ್ರು ಬರುವ ಹೊತ್ತನ್ನು ತಾನು ಆರಿಸಿಕೊಳ್ಳಲಾರ. ಆ ಅರ್ಧ ಗಂಟೆ ಗೆರೆ ಕಾಣದವನಿಗೆ ಉಳಿದ ಹೊತ್ತಿನ ಸ್ಪಷ್ಟತೆಯಿಂದ ಪ್ರಯೋಜನವಿಲ್ಲ. ಜೊತೆಗೆ ಮೂರು ಷರತ್ತು. ದೀಪ ಆರಿದಾಗ ಕಪ್ಪು ಗೆರೆ ಪೂರ್ತಿ ಕೆಲಸ ಮಾಡಬೇಕು. ದೀಪವನ್ನು ಕಣ್ಣಿಗೆ ಕಂಡೂ ಕಾಣದಷ್ಟು ಮಂದಕ್ಕೆ ಇಳಿಸಲು ಬರಬೇಕು. ಸೈನಿಕನ ತರಬೇತಿ ಮೊದಲು ದೀಪವಿಲ್ಲದೆ ನಡೆಯಬೇಕು. ದೀಪಕ್ಕಾಗಿ ಗಾಜಿನ ಗುಣಮಟ್ಟ ತಗ್ಗಿಸುವುದಾದರೆ ಅಂಥ ದೀಪ ಬೇಡವೇ ಬೇಡ.

ಗುರುಬಳಗಕ್ಕೆ ಒಂದು ಸಲಹೆ. ಇದನ್ನು ಶಾಲೆಯಲ್ಲೇ ಮಾಡಿ ತೋರಿಸಬಹುದು, ಬಂದೂಕು ಬೇಕಿಲ್ಲ. ಪ್ರಯೋಗಶಾಲೆಯಿಂದ 30 ಸೆಂ.ಮೀ. ಮತ್ತು 5 ಸೆಂ.ಮೀ. ಸಂಗಮದೂರದ ಎರಡು ಪೀನ ಮಸೂರಗಳನ್ನು ತೆಗೆದುಕೊಳ್ಳಿ. ರಟ್ಟಿನ ಕೊಳವೆಯಲ್ಲಿ ಸುಮಾರು 35 ಸೆಂ.ಮೀ. ಅಂತರದಲ್ಲಿ ಕೂರಿಸಿದರೆ ಆರು ಪಟ್ಟು ಹಿಗ್ಗಿಸುವ ದೂರದರ್ಶಕವಾಗುತ್ತದೆ, ಚಿತ್ರ ತಲೆಕೆಳಗಾಗಿರುತ್ತದೆ. ಕಣ್ಣಿನ ಕಡೆಯ ಮಸೂರದಿಂದ 5 ಸೆಂ.ಮೀ. ಮುಂದೆ ರಟ್ಟಿನ ಉಂಗುರಕ್ಕೆ ಎರಡು ಕೂದಲನ್ನು ಅಡ್ಡ ಉದ್ದ ಅಂಟಿಸಿ. ಆ ಜಾಗದ ಪಕ್ಕದಲ್ಲಿ ಕೊಳವೆಗೆ ಸಣ್ಣ ರಂಧ್ರ ಬಿಡಿ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬಾರದು, ಕಣ್ಣು ಹೋಗುತ್ತದೆ.

ಮಧ್ಯಾಹ್ನ ದೂರದ ಬಿಳಿ ಗೋಡೆ ನೋಡಿದರೆ ಕೂದಲು ಸ್ಪಷ್ಟ. ಹೊತ್ತು ಮುಳುಗಿದ ಮೇಲೆ ಹುಣಸೆ ಮರದ ಬುಡವನ್ನು ನೋಡಿದರೆ ಮರ ಇನ್ನೂ ಕಾಣುತ್ತಿರುತ್ತದೆ, ಕೂದಲು ಮಾಯ. ಆಗ ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿ ರಂಧ್ರದಿಂದ ಸ್ವಲ್ಪವೇ ಬೆಳಕು ಬಿಡಿ. ಕೂದಲು ಕೆಂಪು ಎಳೆಯಾಗಿ ಮೂಡುತ್ತದೆ. ಟಾರ್ಚನ್ನು ಇನ್ನೂ ಹತ್ತಿರ ತಂದರೆ ಮರವೇ ಮಾಯವಾಗುತ್ತದೆ. ಮಕ್ಕಳು ಟಾರ್ಚನ್ನು ಹಿಂದೆ ಮುಂದೆ ಸರಿಸಿ, ಕೂದಲೂ ಮರವೂ ಒಟ್ಟಿಗೆ ಕಾಣುವ ಜಾಗವನ್ನು ತಾವೇ ಹುಡುಕಲಿ. ಆ ಅಂತರವನ್ನು ಅಳೆದು ಪಟ್ಟಿಯಲ್ಲಿ ಬರೆದುಕೊಳ್ಳಲಿ.